ನಾನ್‌ಸ್ಟಿಕ್ ತವಾ ಕೊಳ್ಳುವ ಮುಂಚೆ ತಿರುಗಿಸಿ ನೋಡಿ

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಸುತ್ತ ಪಾತ್ರೆ ಅಂಗಡಿಗಳ ಮುಂದೆ ನಾನ್‌ಸ್ಟಿಕ್ ತವಾಗಳು ತೋರಣದ ಹಾಗೆ ನೇತಾಡುತ್ತಿರುತ್ತವೆ. ಹಾಸನಾಂಬೆ ಗುಡಿಯ ಬಾಗಿಲು ತೆರೆಯುವ ದಿನಗಳಲ್ಲಂತೂ ರಸ್ತೆ ಬದಿಯಲ್ಲೇ ರಾಶಿ. "ಯಾವ್ದಾದ್ರೂ ತಗೊಳ್ಳಿ ಅಕ್ಕಾ, ನಾನೂರು." ಮೇಲಿಂದ ನೋಡಿದರೆ ಎಲ್ಲವೂ ಒಂದೇ ಥರ. ಒಳಗೆ ಕಪ್ಪಗೆ, ನುಣ್ಣಗೆ. ಹೊರಗೆ ಕೆಂಪು ಬಣ್ಣ.

ನಾನೂ ಹಾಗೇ ಒಂದು ತಂದೆ. ಮೂರು ತಿಂಗಳಿಗೆ ಅದರ ತಳ ಉಬ್ಬಿತು. ಒಲೆ ಮೇಲಿಟ್ಟು ಸೌಟು ತಾಗಿಸಿದರೆ ಬುಗುರಿ ಹಾಗೆ ತಿರುಗುತ್ತಿತ್ತು. ಎಣ್ಣೆ ಹಾಕಿದರೆ ಎಲ್ಲ ನಡುವೆ ಬಂದು ಕೆರೆ ಕಟ್ಟುತ್ತಿತ್ತು. ದೋಸೆ ನಡುವೆ ಸೀದು, ಅಂಚಲ್ಲಿ ಹಸಿ. ಆಮೇಲೆ ಇನ್ನೂ ಎರಡು ಮೂರು ತವಾ ತಂದು, ಕೆಡಿಸಿ ಕಲಿತದ್ದು ಇಷ್ಟು: ನಾವೆಲ್ಲ ಕೋಟಿಂಗ್ ನೋಡಿ ಕೊಳ್ಳುತ್ತೇವೆ, ಆದರೆ ಅಗ್ಗದ ತವಾ ಕೈ ಕೊಡುವುದು ತಗಡಿನಲ್ಲಿ. ತಗಡು ತೆಳ್ಳಗಿದ್ದರೆ ತವಾ ಬೇಗ ಸೊಟ್ಟಗಾಗುತ್ತದೆ. ಬೇಗ ಮಿತಿಮೀರಿ ಕಾಯುತ್ತದೆ ಕೂಡ. ಬಾಳಿಕೆ, ಸುರಕ್ಷತೆ ಎರಡೂ ಅಲ್ಲೇ ಕೂತಿವೆ.

ಅಂಗಡಿಯಲ್ಲಿ

ಹೋಗುವಾಗ ಚೀಲದಲ್ಲಿ ಎರಡು ವಸ್ತು ಇಟ್ಟುಕೊಳ್ಳಿ. ಮಕ್ಕಳ ಜಾಮೆಟ್ರಿ ಬಾಕ್ಸಿನ ಸ್ಟೀಲ್ ಸ್ಕೇಲು, ಫ್ರಿಜ್ ಬಾಗಿಲಿಗೆ ಅಂಟಿಸುವ ಒಂದು ಮ್ಯಾಗ್ನೆಟ್. ಮೊಬೈಲ್ ಟಾರ್ಚ್ ಹೇಗೂ ಇದ್ದೇ ಇರುತ್ತದೆ.

ಮೊದಲು ತವಾವನ್ನು ಗಾಜಿನ ಕೌಂಟರ್ ಮೇಲೆ ಇಟ್ಟು ಅಂಚನ್ನು ಒಂದೊಂದು ಕಡೆ ಒತ್ತಿ. ಟಕ್ ಟಕ್ ಎಂದು ಅಲ್ಲಾಡಿದರೆ ಅದನ್ನು ಅಲ್ಲೇ ಬಿಡಿ. ಹೊಸದರಲ್ಲೇ ಸೊಟ್ಟ ಇರುವುದು ಬಿಸಿ ಕಂಡ ಮೇಲೆ ನೆಟ್ಟಗಾಗುವುದಿಲ್ಲ. ಆಮೇಲೆ ಬೋರಲು ಹಾಕಿ, ತಳಕ್ಕೆ ಅಡ್ಡವಾಗಿ ಸ್ಕೇಲನ್ನು ಅದರದೇ ಅಂಚಿನ ಮೇಲೆ ನಿಲ್ಲಿಸಿ ನೋಡಿ. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ ಪರವಾಗಿಲ್ಲ. ಕಾದಾಗ ಲೋಹ ಹಿಗ್ಗುತ್ತದೆ ಎಂದು ತಳವನ್ನು ಸ್ವಲ್ಪ ಒಳಕ್ಕೆ ಮಾಡಿರುವುದುಂಟು. ಆದರೆ ನಡುಭಾಗ ಹೊರಕ್ಕೆ ಉಬ್ಬಿದ್ದು, ಸ್ಕೇಲು ತಕ್ಕಡಿಯ ಹಾಗೆ ಆ ಕಡೆ ಈ ಕಡೆ ವಾಲಿದರೆ ಬೇಡ.

ಇನ್ನು ದಪ್ಪ. ಡಬ್ಬದ ಮೇಲೆ "3 ಮಿ.ಮೀ." ಎಂದು ದೊಡ್ಡದಾಗಿ ಬರೆದಿರುತ್ತದೆ. ಅದನ್ನು ನಂಬಬೇಕಾಗಿಲ್ಲ, ತೂಗಬಹುದು. ಅಲ್ಯೂಮಿನಿಯಂ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ 28 ಸೆಂ.ಮೀ. ಅಗಲದ ಚಪ್ಪಟೆ ದೋಸೆ ತವಾ ನಿಜವಾಗಿ 3 ಮಿ.ಮೀ. ದಪ್ಪ ಇದ್ದರೆ ಬರೀ ತಗಡೇ ಸುಮಾರು 500 ಗ್ರಾಂ ಬರಬೇಕು. 2 ಮಿ.ಮೀ. ಆದರೆ 330 ಗ್ರಾಂ ಆಸುಪಾಸು. 25 ಸೆಂ.ಮೀ. ತವಾ ಆದರೆ 3 ಮಿ.ಮೀ.ಗೆ 400 ಗ್ರಾಂ. ಹಿಡಿ, ತಳದ ಸ್ಟೀಲ್ ತಟ್ಟೆ ಇದ್ದರೆ ಅದರ ತೂಕ ಇದರ ಮೇಲೆ. ಹಿಡಿ ಸಮೇತ ತೂಗಿದರೂ 28 ಸೆಂ.ಮೀ. ತವಾ ಅರ್ಧ ಕೆ.ಜಿ. ಮುಟ್ಟದಿದ್ದರೆ ಡಬ್ಬ ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ನಾನು ಪಕ್ಕದ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದೇನೆ. ಪಾತ್ರೆ ಅಂಗಡಿಯವರು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ. ದಿನಾ ದೋಸೆ ಹೊಯ್ಯುವ ಮನೆಗೆ 3 ಮಿ.ಮೀ.ಗಿಂತ ತೆಳುವಾದದ್ದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಆಮ್ಲೆಟ್ಟಿಗೆ ಚಿಕ್ಕದೊಂದು ಬೇಕು ಎನ್ನುವವರಿಗೆ 2.5 ಸಾಕು.

ಇಂಡಕ್ಷನ್ ಒಲೆ ಇದ್ದವರು ತಳಕ್ಕೆ ಮ್ಯಾಗ್ನೆಟ್ ಹಿಡಿದು ನಡುವಿಂದ ಅಂಚಿನವರೆಗೂ ಸರಿಸಿ ನೋಡಿ. ಎಲ್ಲ ಕಡೆ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ನಡುವೆ ನಾಲ್ಕು ಬೆರಳು ಅಗಲ ಮಾತ್ರ ಕಚ್ಚಿದರೆ ದೋಸೆಯೂ ಅಷ್ಟೇ ಅಗಲ ಬೇಯುತ್ತದೆ. ಗ್ಯಾಸ್ ಮಾತ್ರ ಇರುವವರು ಈ ತಳಕ್ಕೆ ಜಾಸ್ತಿ ದುಡ್ಡು ಕೊಡುವುದು ಸುಮ್ನೆ ದಂಡ.

ಈಗ ಕೋಟಿಂಗ್. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸೂಜಿ ಚುಚ್ಚಿದಂಥ ತೂತು, ಗುಳ್ಳೆ, ಬಣ್ಣ ತೆಳುವಾದ ಜಾಗ ಇದ್ದರೆ ಕಾಣುತ್ತದೆ. ಅಂಚು ಮತ್ತು ಹಿಡಿಯ ರಿವೆಟ್ ಸುತ್ತ ಎರಡು ಸಲ ನೋಡಿ. ಕೋಟಿಂಗ್ ಏಳುವುದು ಬಹಳ ಸಲ ಅಲ್ಲಿಂದಲೇ ಶುರುವಾಗುತ್ತದೆ. ಹಿಡಿಯನ್ನು ಹಿಡಿದು ಅಲ್ಲಾಡಿಸಿ. ರಿವೆಟ್ ಹಾಕಿದ ಹಿಡಿ ಗಟ್ಟಿ, ಆದರೆ ಸಡಿಲವಾದರೆ ಮನೆಯಲ್ಲಿ ರಿಪೇರಿ ಇಲ್ಲ. ಸ್ಕ್ರೂ ಹಿಡಿ ಆಗಾಗ ಸಡಿಲವಾಗುತ್ತದೆ, ಆದರೆ ಸ್ಕ್ರೂಡ್ರೈವರ್ ಇದ್ದರೆ ಮುಗಿಯಿತು. ನನಗೆ ಸ್ಕ್ರೂವೇ ಇಷ್ಟ.

"ಇದು ಗ್ರಾನೈಟ್ ಅಕ್ಕಾ, ಇದು ಮಾರ್ಬಲ್"

ಗ್ರಾನೈಟೂ ಅಲ್ಲ, ಮಾರ್ಬಲ್ಲೂ ಅಲ್ಲ. ಹೆಚ್ಚಿನವುಗಳಲ್ಲಿ ಅದು ಚುಕ್ಕಿ ಚುಕ್ಕಿ ಬಣ್ಣ, ಅಷ್ಟೇ. ಒಳಗಿರುವುದು ಸಾಮಾನ್ಯವಾಗಿ ಅದೇ ಪಿಟಿಎಫ್‌ಇ, ಅಂದರೆ ನಾವು ಟೆಫ್ಲಾನ್ ಎನ್ನುವ ಪ್ಲಾಸ್ಟಿಕ್. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಫ್ರಿಜ್‌ಗೆ ಬೇಕಾದ ಅನಿಲದ ಕೆಲಸ ಮಾಡುತ್ತಿದ್ದ ರಾಯ್ ಪ್ಲಂಕೆಟ್ ಎಂಬ ವಿಜ್ಞಾನಿಗೆ 1938ರಲ್ಲಿ ಅಕಸ್ಮಾತ್ತಾಗಿ ಸಿಕ್ಕ ವಸ್ತು ಅದು. ಅಡುಗೆ ಪಾತ್ರೆಗೆ ಬಂದದ್ದು 1950ರ ದಶಕದಲ್ಲಿ, ಫ್ರಾನ್ಸಿನಲ್ಲಿ. ಸೆರಾಮಿಕ್ ಕೋಟಿಂಗ್ ಮಾತ್ರ ನಿಜವಾಗಿ ಬೇರೆ. ಅದು ಸಿಲಿಕಾದಿಂದ ಮಾಡಿದ್ದು. ಬಿಸಿ ಜಾಸ್ತಿ ತಡೆಯುತ್ತದೆ, ಆದರೆ ನುಣುಪು ಬೇಗ ಹೋಗುತ್ತದೆ.

"ಪಿಎಫ್‌ಒಎ ಫ್ರೀ" ಎಂದು ಬರೆದಿದ್ದರೆ ಟೆಫ್ಲಾನ್ ಇಲ್ಲ ಎಂದುಕೊಳ್ಳಬೇಡಿ. ಪಿಎಫ್‌ಒಎ ಎನ್ನುವುದು ಹಿಂದೆ ಪಿಟಿಎಫ್‌ಇ ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕ. ಸಿದ್ಧವಾದ ತವಾದಲ್ಲಿ ಅದು ಉಳಿಯುತ್ತಿದ್ದದ್ದು ತೀರಾ ಕಡಿಮೆ. ದೊಡ್ಡ ಪೆಟ್ಟು ಬಿದ್ದದ್ದು ಕಾರ್ಖಾನೆ ಸುತ್ತಲಿನ ನೀರು ಕುಡಿದವರಿಗೆ. ಅಮೆರಿಕದಲ್ಲಿ ಡುಪಾಂಟ್ ಕಾರ್ಖಾನೆ ಇದ್ದ ಪಾರ್ಕರ್ಸ್‌ಬರ್ಗ್ ಸುತ್ತಮುತ್ತಲಿನ ಜನ ಕೋರ್ಟಿಗೆ ಹೋದದ್ದು ಅದಕ್ಕೇ. 2019ರಲ್ಲಿ, ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಅದು ಸೇರಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ವರ್ಗೀಕರಿಸಿತು. ಹಾಗಾಗಿ ಆ ಸಾಲು ಡಬ್ಬದ ಮೇಲೆ ಇರುವುದು ಒಳ್ಳೆಯದೇ. ಆದರೆ ಹೇಳಿದವರು ಯಾರು ಎಂದೂ ಅದೇ ಡಬ್ಬದ ಮೇಲೆ ಇರಬೇಕು. ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ ಇಲ್ಲದ ಡಬ್ಬದ ಯಾವ ಮಾತಿಗೂ ಬೆಲೆ ಇಲ್ಲ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದೆ. ಅಲ್ಯೂಮಿನಿಯಂ ಪಾತ್ರೆಯ ಮಾನದಂಡದ ಸಂಖ್ಯೆ ಐಎಸ್ 1660. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಮನೆಗೆ ತಂದ ದಿನ

ಸೋಪು ನೀರಲ್ಲಿ ತೊಳೆದು, ಒರೆಸಿ, ಬಿಲ್ ಎಸೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ತಣ್ಣನೆ ತವಾ ಮೇಲೆ ಮೈದಾ ಹಿಟ್ಟನ್ನು ತೆಳುವಾಗಿ, ಎಲ್ಲ ಕಡೆ ಒಂದೇ ಸಮ ಉದುರಿಸಿ. ಸಣ್ಣ ಉರಿಯಲ್ಲಿಟ್ಟು ಪಕ್ಕದಲ್ಲೇ ನಿಂತಿರಿ. ಹಿಟ್ಟು ನಿಧಾನಕ್ಕೆ ಕೆಂಪಾಗುತ್ತದೆ. ಒಳ್ಳೆಯ ತವಾದಲ್ಲಿ ಹೆಚ್ಚು ಕಡಿಮೆ ಒಟ್ಟಿಗೇ ಬಣ್ಣ ತಿರುಗುತ್ತದೆ. ತೆಳು ತವಾದಲ್ಲಿ ಬರ್ನರ್ ಉಂಗುರದ ಅಚ್ಚು ಬಿದ್ದ ಹಾಗೆ ಒಂದು ಬಳೆ ಮಾತ್ರ ಕಂದಾಗಿ, ಉಳಿದದ್ದು ಬಿಳಿಯೇ ಇರುತ್ತದೆ. ಕಂದು ಬಣ್ಣ ಕಾಣುತ್ತಲೇ ಒಲೆ ಆರಿಸಿ. ಸೀಯುವ ತನಕ ಕಾಯಬೇಡಿ.

ತವಾ ತಣ್ಣಗಾದ ಮೇಲೆ ಒರೆಸಿ, ಒಂದು ಹನಿ ಎಣ್ಣೆ ಸವರಿ ಮೊಟ್ಟೆ ಒಡೆದು ಹಾಕಿ. ಹೊಸ ತವಾದಲ್ಲಿ ಮೊಟ್ಟೆ ತಾನಾಗಿಯೇ ಜಾರಬೇಕು. ಮೊಟ್ಟೆ ತಿನ್ನದವರು ನೀರು ದೋಸೆ ಹೊಯ್ಯಿರಿ, ಅದು ಇನ್ನೂ ಕಠಿಣ ಪರೀಕ್ಷೆ.

ನಿಜವಾದ ಅಪಾಯ ಎಲ್ಲಿದೆ

ಚೂರು ಕೋಟಿಂಗ್ ಹೊಟ್ಟೆಗೆ ಹೋಯಿತು ಎಂದು ಹೆದರುವವರು ಬಹಳ. ಆ ಚೂರು ಹೊಟ್ಟೆಯಲ್ಲಿ ಕರಗುವುದಿಲ್ಲ, ಮೈಗೆ ಹಿಡಿಯುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಹೆದರಬೇಕಾದದ್ದು ಹೊಗೆಗೆ. ಪಿಟಿಎಫ್‌ಇ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ, 327 ಡಿಗ್ರಿಗೆ ಕರಗುತ್ತದೆ, 350 ದಾಟಿದರೆ ಜೋರಾಗಿ ಒಡೆದು ವಿಷದ ಹೊಗೆ ಬಿಡುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆ ಕಳೆದು ಚಳಿ ಜ್ವರ, ಮೈಕೈ ನೋವು ಬರಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಪಕ್ಷಿಗಳಿಗೆ ಮಾತ್ರ ಅಷ್ಟು ಪುರುಸೊತ್ತಿಲ್ಲ, ಅವು ಸತ್ತೇ ಹೋಗುತ್ತವೆ. ಅಡುಗೆಮನೆ ಕಿಟಕಿಗೆ ಲವ್ ಬರ್ಡ್ಸ್ ಗೂಡು ನೇತು ಹಾಕಿರುವವರು ಅದನ್ನು ಇವತ್ತೇ ಬೇರೆ ಕಡೆ ಇಡಿ.

ಅಡುಗೆ ಇರುವ ತವಾ ಆ ಬಿಸಿಗೆ ಹೋಗುವುದು ಕಷ್ಟ. ಹಿಟ್ಟಿನಲ್ಲಿರುವ ನೀರು ಬಿಸಿಯನ್ನು ಹಿಡಿದಿಡುತ್ತದೆ. ಖಾಲಿ ತವಾ ಹಾಗಲ್ಲ. ದೊಡ್ಡ ಉರಿಯಲ್ಲಿಟ್ಟು ಬಾಗಿಲಲ್ಲಿ ಹಾಲಿನವನ ಜೊತೆ ಲೆಕ್ಕ ಮಾತಾಡಿ ಬರುವಷ್ಟರಲ್ಲಿ 260 ದಾಟಿರುತ್ತದೆ. ತಗಡು ತೆಳುವಾದಷ್ಟೂ ಬೇಗ. ಆದ್ದರಿಂದ ಒಂದು ಚಮಚ ಎಣ್ಣೆ ಹಾಕಿಯೇ ಒಲೆ ಹಚ್ಚಿ. ಅದು ನಿಮ್ಮ ಥರ್ಮಾಮೀಟರ್. ರಿಫೈನ್ಡ್ ಕಡಲೆಕಾಯಿ ಎಣ್ಣೆ ಸುಮಾರು 230 ಡಿಗ್ರಿಗೆ ಹೊಗೆಯಾಡುತ್ತದೆ. ಎಣ್ಣೆ ಹೊಗೆಯಾಡಿತು ಅಂದರೆ ಕೋಟಿಂಗ್ ಕೆಡುವುದಕ್ಕೆ ಇನ್ನು ಸ್ವಲ್ಪವೇ ಬಾಕಿ, ಉರಿ ಆರಿಸಿ. ಉರಿ ತವಾದ ಅಂಚು ದಾಟಿ ಹೊರಗೆ ಚಾಚಬಾರದು. ಹಿಡಿ ಸುಡುವುದೂ, ಹೊರಗಿನ ಬಣ್ಣ ಕಪ್ಪಾಗುವುದೂ ಅದರಿಂದಲೇ. ಸೌದೆ ಒಲೆ ಮೇಲೆ ನಾನ್‌ಸ್ಟಿಕ್ ಇಡಲೇಬೇಡಿ. ಅಲ್ಲಿ ಉರಿ ನಮ್ಮ ಮಾತು ಕೇಳುವುದಿಲ್ಲ.

ಅಕ್ಕಿ ರೊಟ್ಟಿ ಮಾಡುವವರಿಗೆ

ನಮ್ಮ ಕಡೆ ನಾನ್‌ಸ್ಟಿಕ್ ತವಾಗಳು ಹಾಳಾಗುವುದಕ್ಕೆ ದೊಡ್ಡ ಕಾರಣ ಅಕ್ಕಿ ರೊಟ್ಟಿ ಎಂದು ನನ್ನ ಗುಮಾನಿ. ಸಬ್ಬಸಿಗೆ ಸೊಪ್ಪು, ಈರುಳ್ಳಿ ಹಾಕಿ ಕಲೆಸಿದ ಹಿಟ್ಟನ್ನು ತಣ್ಣನೆ ತವಾ ಮೇಲೆ ಕೈಯಲ್ಲೇ ತಟ್ಟಬೇಕು. ಮೊದಲ ರೊಟ್ಟಿ ಸಲೀಸು. ಎರಡನೆಯದಕ್ಕೆ ತವಾ ಕಾದಿರುತ್ತದೆ, ತಟ್ಟಿದರೆ ಕೈ ಸುಡುತ್ತದೆ. ಆಗ ನಾವೆಲ್ಲ ಏನು ಮಾಡುತ್ತೇವೆ? ನಲ್ಲಿ ಕೆಳಗೆ ಹಿಡಿಯುತ್ತೇವೆ. ಚುಂಯ್! ಸಕಲೇಶಪುರ, ಚಿಕ್ಕಮಗಳೂರು ಕಡೆ ಡಿಸೆಂಬರ್ ಬೆಳಿಗ್ಗೆ ನಲ್ಲಿ ನೀರು ಎಷ್ಟು ತಣ್ಣಗಿರುತ್ತದೆ ಎಂದು ಹೇಳಬೇಕಾಗಿಲ್ಲ, ಅಲ್ವಾ?

ಆ ಒಂದು ಕ್ಷಣದಲ್ಲಿ ನೀರು ತಾಗಿದ ಭಾಗ ಸಟ್ಟನೆ ಕುಗ್ಗುತ್ತದೆ, ತಾಗದ ಭಾಗ ಇನ್ನೂ ಹಿಗ್ಗಿಯೇ ಇರುತ್ತದೆ. ದಪ್ಪ ತಗಡು ತಡೆದುಕೊಳ್ಳುತ್ತದೆ. ತೆಳುವಾದದ್ದು ಎಳೆದ ಕಡೆಗೆ ಬಾಗುತ್ತದೆ. ಜೊತೆಗೆ ಕೋಟಿಂಗ್ ಹಿಗ್ಗುವ ಲೆಕ್ಕವೇ ಬೇರೆ, ಅಲ್ಯೂಮಿನಿಯಂ ಹಿಗ್ಗುವ ಲೆಕ್ಕವೇ ಬೇರೆ. ದಿನಕ್ಕೆ ಆರು ರೊಟ್ಟಿ, ಐದು ಸಲ ನಲ್ಲಿ ನೀರು. ಎರಡರ ನಡುವಿನ ಹಿಡಿತ ಸಡಿಲವಾಗದೆ ಇನ್ನೇನಾಗುತ್ತದೆ? ನನ್ನ ಆ ಮೊದಲ ತವಾ ಬುಗುರಿಯಾದದ್ದು ಹೀಗೇ. ಅಂಗಡಿಯವನನ್ನು ಬೈದುಕೊಂಡು ತಿರುಗಿದ್ದೆ. ಅರ್ಧ ತಪ್ಪು ನನ್ನದೇ.

ದಾರಿ ಇದೆ. ಬಾಳೆ ಎಲೆಗೆ ಎಣ್ಣೆ ಸವರಿ ಅದರ ಮೇಲೆ ತಟ್ಟಿ, ಕಾದ ತವಾ ಮೇಲೆ ಬೋರಲು ಹಾಕಿ. ಎಲೆ ಬಾಡಿದ ಮೇಲೆ ಎಳೆದರೆ ಬಿಟ್ಟು ಬರುತ್ತದೆ. ಇಲ್ಲ ಎರಡು ತವಾ ಇಟ್ಟುಕೊಂಡು, ಒಂದರಲ್ಲಿ ಬೇಯುವಾಗ ಇನ್ನೊಂದು ತಾನಾಗಿಯೇ ಆರಲಿ. ಅಮ್ಮನ ಕಾಲದ ಕಬ್ಬಿಣದ ಹೆಂಚು ಅಟ್ಟದ ಮೇಲಿದ್ದರೆ ರೊಟ್ಟಿಗೆ ಅದನ್ನೇ ಇಳಿಸಿ. ಮೊಟ್ಟೆಗೂ ನೀರು ದೋಸೆಗೂ ನಾನ್‌ಸ್ಟಿಕ್ ಇರಲಿ. ನಮ್ಮ ಮನೆಯಲ್ಲಿ ಈಗ ಹಾಗೇ ಭಾಗ ಆಗಿದೆ.

ಮರದ ಸೌಟು, ಮೆತ್ತನೆ ಸ್ಪಾಂಜು, ಒಂದರ ಮೇಲೊಂದು ಇಡುವಾಗ ನಡುವೆ ಹಳೇ ಬಟ್ಟೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೂ ಸ್ಟೀಲ್ ನಾರು ಕೈಗೆ ಹೇಗೆ ಬರುತ್ತದೋ!

ಯಾವಾಗ ಬಿಸಾಡುವುದು

ಒಂದು ಗೀರು ಬಿದ್ದ ಮಾತ್ರಕ್ಕೆ ಬೇಡ. ಗೀರಿನ ಅಂಚಿಗೆ ಉಗುರು ಸಿಕ್ಕಿಕೊಂಡು ಕೋಟಿಂಗ್ ಏಳುತ್ತಿದ್ದರೆ, ಬೆಳ್ಳಗೆ ಲೋಹ ಕಾಣುತ್ತಿದ್ದರೆ ಆಯಿತು, ಅದರ ಕಾಲ ಮುಗಿಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲೂ ಕೋಟಿಂಗ್ ಸವೆದ ನಾನ್‌ಸ್ಟಿಕ್ ಪಾತ್ರೆ ಇಟ್ಟುಕೊಳ್ಳಬೇಡಿ ಎಂದಿದೆ. ಲೋಹ ಕಂಡ ತವಾದಲ್ಲಿ ಹುಣಸೆಹುಳಿ, ಟೊಮೆಟೊ ಹಾಕಿದರೆ ಅಲ್ಯೂಮಿನಿಯಂ ಅಡುಗೆಗೆ ಇಳಿಯುತ್ತದೆ. ಒಗ್ಗರಣೆಗೆ ಇರಲಿ ಎಂದು ಹಿಂದೆ ಸರಿಸಿಡುವ ಆಸೆ ಬೇಡ.

ಗುಜರಿಯವರು ಅಲ್ಯೂಮಿನಿಯಂ ಲೆಕ್ಕದಲ್ಲಿ ತಗೊಳ್ಳುತ್ತಾರೆ, ಹಿಡಿ ಬಿಚ್ಚಿ ಕೊಡಿ. ಇನ್ನೊಂದು ಮಾತು. ಹಳೇ ತವಾದಲ್ಲಿ ಕೆಂಡ ಹಾಕಿ ಸಾಂಬ್ರಾಣಿ ಹೊಗೆ ಹಿಡಿಯುವ ಮನೆಗಳನ್ನು ಕಂಡಿದ್ದೇನೆ, ಅದೂ ಎಣ್ಣೆ ನೀರು ಹಾಕಿಸಿಕೊಂಡ ಕೂಸಿನ ತಲೆಗೆ. ಕೆಂಡದ ಬಿಸಿ 350 ಡಿಗ್ರಿಗಿಂತ ಎಷ್ಟೋ ಮೇಲೆ. ಅದಕ್ಕೆ ಮಣ್ಣಿನ ಧೂಪದಾರತಿಯನ್ನೇ ಬಳಸಿ. ಸಂತೆಯಲ್ಲಿ ಸಿಗುತ್ತದೆ.