ದೂರದ ದಾರಿಯಲ್ಲಿ ಕಾರಿನ ಮಾತು ಕೇಳುತ್ತಾ

ದೂರದ ಪ್ರಯಾಣದಲ್ಲಿ ಎಲ್ಲಿ ನಿಲ್ಲಿಸಿದರೂ ನಾನು ಮೊದಲು ಕಾರಿಗೆ ಒಂದು ಸುತ್ತು ಹಾಕುತ್ತೇನೆ. ಪ್ರತಿ ಚಕ್ರದ ಹತ್ತಿರ ಬಗ್ಗಿ ಅಂಗೈ ಹಿಡಿಯುತ್ತೇನೆ. ಮುಟ್ಟುವುದಿಲ್ಲ, ಶಾಖ ತಿಳಿಯುವಷ್ಟು ಹತ್ತಿರ ಅಷ್ಟೇ. ಮುಂದಿನ ಬ್ರೇಕುಗಳಿಗೆ ಕೆಲಸ ಜಾಸ್ತಿ, ಹಾಗಾಗಿ ಮುಂದಿನ ಚಕ್ರಗಳು ಹೆಚ್ಚು ಬಿಸಿ ಇರುವುದು ಸಹಜ. ಆದರೆ ಎಡ ಮತ್ತು ಬಲ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಒಂದೇ ಒಂದು ಚಕ್ರ ವಿಪರೀತ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ.

ಇದನ್ನು ಕಲಿತದ್ದು ಕಷ್ಟಪಟ್ಟೇ. ಒಮ್ಮೆ ಹೊರಡುವ ಹಿಂದಿನ ಸಂಜೆ ಬ್ರೇಕ್ ಪ್ಯಾಡ್ ಹಾಕಿಸಿದ್ದೆ. ಬೆಳಗಿನ ಜಾವ ಹೊರಟು ಸುಮಾರು 90 ಕಿಲೋಮೀಟರ್ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ಇಳಿದು ನೋಡಿದರೆ ಮುಂದಿನ ಎಡ ಚಕ್ರ ಕಾದ ಹಂಚಿನಂತಿತ್ತು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ಸಿಕ್ಕಿಕೊಂಡು ಪ್ಯಾಡ್ ಡಿಸ್ಕನ್ನು ಬಿಡುತ್ತಲೇ ಇರಲಿಲ್ಲ. ಆ ದಿನ ಪೂರ್ತಿ ರಸ್ತೆ ಬದಿಯಲ್ಲೇ ಕಳೆಯಿತು. ಅಂದಿನಿಂದ ಸರ್ವಿಸ್ ಏನಿದ್ದರೂ ಹೊರಡುವ ಹತ್ತು ದಿನ ಮೊದಲೇ ಮುಗಿಸುತ್ತೇನೆ. ಆಮೇಲೆ ದಿನನಿತ್ಯದ ಓಡಾಟದಲ್ಲೇ ನೂರಿನ್ನೂರು ಕಿಲೋಮೀಟರ್ ಓಡಿಸಿ ನೋಡುತ್ತೇನೆ. ಬಿಚ್ಚಿ ಜೋಡಿಸಿದ ಕೆಲಸದಲ್ಲಿ ತಪ್ಪಿದ್ದರೆ ಅದು ಮನೆಯ ಹತ್ತಿರವೇ ಗೊತ್ತಾಗಲಿ.

ಟೈರಿನ ವಿಷಯಕ್ಕೆ ಬರೋಣ. ದೂರದ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಅದರದ್ದೇ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಳ್ಳುತ್ತದೆ. ಮಡಚಿ ಮಡಚಿ ಕಾಯುತ್ತದೆ. ತುಂಬಿದ ಕಾರು, ಬಿಸಿಲು, ವೇಗ ಮೂರೂ ಸೇರಿದರೆ ಟೈರ್ ಸಿಡಿಯುವುದು ಹೀಗೇ. ಎಷ್ಟು ಗಾಳಿ ಬೇಕು ಎಂಬುದು ಡ್ರೈವರ್ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಹಲವು ಕಾರುಗಳಲ್ಲಿ ಪೂರ್ತಿ ತುಂಬಿದ ಕಾರಿಗೆ ಬೇರೆಯೇ ಅಂಕಿ ಕೊಟ್ಟಿರುತ್ತಾರೆ, ಹಿಂದಿನ ಟೈರಿಗೆ ಸ್ವಲ್ಪ ಜಾಸ್ತಿ. ಪ್ರಯಾಣಕ್ಕೆ ಅದನ್ನೇ ಹಿಡಿಯಿರಿ. ಟೈರಿನ ಮೇಲೆ ಅಚ್ಚಾಗಿರುವ ಅಂಕಿ ಅದು ತಡೆಯುವ ಗರಿಷ್ಠ ಒತ್ತಡ, ನೀವು ತುಂಬಿಸಬೇಕಾದದ್ದಲ್ಲ.

ಗಾಳಿ ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ. ಓಡಿ ಬಂದ ಟೈರಿನಲ್ಲಿ ನಾಲ್ಕೈದು ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಏರಿರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಗಾಳಿ ಬಿಡಬೇಡಿ. ಬಿಟ್ಟರೆ ಮರುದಿನ ಬೆಳಿಗ್ಗೆ ಅದೇ ಟೈರಿನಲ್ಲಿ ಗಾಳಿ ಕಡಿಮೆ ಇರುತ್ತದೆ. ಸಣ್ಣದೊಂದು ಗೇಜ್ ನಿಮ್ಮದೇ ಇಟ್ಟುಕೊಳ್ಳಿ. ನಾಲ್ಕು ದಿನದ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದರೆ ನಿಧಾನ ಪಂಕ್ಚರ್ ತಾನಾಗಿಯೇ ಕಾಣುತ್ತದೆ. ಒಂದು ಟೈರ್ ಮಾತ್ರ ದಿನಕ್ಕೆರಡು ಪಿಎಸ್ಐ ಇಳಿಯುತ್ತಿದ್ದರೆ ಅದರಲ್ಲಿ ಮೊಳೆ ಇರಬಹುದು, ಇಲ್ಲವೇ ವಾಲ್ವ್ ಸೋರುತ್ತಿರಬಹುದು. ವಾಲ್ವ್ ಮೇಲೆ ಸೋಪು ನೀರು ಹಾಕಿ, ಗುಳ್ಳೆ ಬಂದರೆ ಕಳ್ಳ ಸಿಕ್ಕಂತೆ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ DOT ಎಂದು ಶುರುವಾಗುವ ಸಂಖ್ಯೆಯ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನೆಲಕ್ಕೆ ತಾಗುವ ಗೆರೆ ಚೆನ್ನಾಗಿದ್ದರೂ ಹಳೆಯ ರಬ್ಬರ್ ಸೀಳಿರಬಹುದು. ಸ್ಟೆಪ್ನಿಯನ್ನು ಮರೆಯಬೇಡಿ, ಅದಕ್ಕೂ ಗಾಳಿ ಹಾಕಿಸಿ. ನಿಮ್ಮದು ತೆಳು ಸ್ಟೆಪ್ನಿ ಆಗಿದ್ದರೆ ಸಾಮಾನ್ಯವಾಗಿ 80 ಕಿಲೋಮೀಟರ್ ವೇಗದ ಮಿತಿ ಅದರ ಮೇಲೆಯೇ ಬರೆದಿರುತ್ತದೆ. ಚಕ್ರ ಬದಲಾಯಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಒಳಗೆ ನಿಲ್ಲಿಸಿ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿ.

ಬೆಳಗಿನ ಹತ್ತು ನಿಮಿಷದಲ್ಲಿ ಉಳಿದದ್ದು ಸುಲಭ. ಮೊದಲು ಕಾರಿನ ಅಡಿಯ ನೆಲ ನೋಡಿ. ಎಸಿ ಓಡಿಸಿ ನಿಲ್ಲಿಸಿದ್ದರೆ ಶುದ್ಧ ನೀರು ತೊಟ್ಟಿಕ್ಕುವುದು ಸರಿ. ಬಣ್ಣ ಇರುವ, ಸಿಹಿ ವಾಸನೆಯ ಹನಿ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಕಂದು ಅಥವಾ ಕಪ್ಪು ಜಿಡ್ಡು ಎಂಜಿನ್ ಆಯಿಲ್ ಇರಬಹುದು. ಬಾನೆಟ್ ಎತ್ತಿ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಿ ನೋಡಿ, ಕಾರು ಸಮನೆಲದಲ್ಲಿರಲಿ. ಕೂಲಂಟ್ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ಇದ್ದರೆ ಸಾಕು. ಗಾಜು, ಲೈಟುಗಳಿಗೆ ಅಂಟಿದ ಹುಳು ಒರೆಸಿ. ಹಿಂದೆ ಲಗೇಜು ತುಂಬಿದರೆ ಮುಂದಿನ ಲೈಟ್ ಮೇಲಕ್ಕೆ ಹೊಡೆಯುತ್ತದೆ. ಎದುರಿನವರ ಕಣ್ಣು ಕುಕ್ಕದಂತೆ ಡ್ಯಾಶ್‌ಬೋರ್ಡಿನ ತಿರುಗಣೆಯಿಂದ ಅದನ್ನು ತಗ್ಗಿಸಿ.

ಓಡಿಸುವಾಗ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳ ಬಣ್ಣ ನೆನಪಿರಲಿ. ಹಳದಿ ಬಂದರೆ ಸಾಮಾನ್ಯವಾಗಿ ನಿಧಾನವಾಗಿ ಗ್ಯಾರೇಜ್ ತನಕ ಹೋಗಬಹುದು. ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ವೇಗ ಇಳಿಸಿ ಬೇಗ ನಿಲ್ಲಿಸಿ. ಕೆಂಪು ಅಂದರೆ ನಿಲ್ಲಿ. ಅದರಲ್ಲೂ ಆಯಿಲ್ ದೀಪ ಕೆಂಪಾದರೆ ಸುರಕ್ಷಿತ ಜಾಗ ಸಿಕ್ಕ ತಕ್ಷಣ ಎಂಜಿನ್ ಆಫ್ ಮಾಡಿ. ಮುಂದಿನ ಊರು ಎರಡೇ ಕಿಲೋಮೀಟರ್ ಅಲ್ವಾ ಅಂತ ಓಡಿಸಿದರೆ ಎಂಜಿನ್ನೇ ಹೋಗಬಹುದು.

ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ. ಹೀಟರ್ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರೇ, ಅದು ಎಂಜಿನ್ನಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸೆಕೆಯಾಗುತ್ತದೆ, ಆದರೆ ನಿಲ್ಲಿಸಲು ಜಾಗ ಹುಡುಕುವಷ್ಟು ಸಮಯ ಸಿಗುತ್ತದೆ. ಮುಳ್ಳು ಕೆಂಪಿಗೆ ತಲುಪಿದ್ದರೆ ಇದ್ಯಾವುದೂ ಬೇಡ, ನಿಲ್ಲಿಸಿ ಎಂಜಿನ್ ಆಫ್ ಮಾಡಿ. ನಿಲ್ಲಿಸಿದ ಮೇಲೆ ದಯವಿಟ್ಟು ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗಿನ ಕೂಲಂಟ್ ಒತ್ತಡದಲ್ಲಿದ್ದು 100 ಡಿಗ್ರಿ ದಾಟಿದ್ದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕೂಡಲೇ ಕುದಿದು ಮುಖಕ್ಕೆ ಎರಚುತ್ತದೆ. ಕಡಿಮೆ ಅಂದರೂ ಅರ್ಧ ಗಂಟೆ ಕಾಯಿರಿ. ಕೈಗೆ ಬಿಸಿ ತಗಲದಷ್ಟು ಆರಿದ ಮೇಲೆ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ಬೆಟ್ಟ ಇಳಿಯುವಾಗ ಬ್ರೇಕ್ ಒತ್ತಿ ಹಿಡಿದೇ ಬರಬೇಡಿ. ಹತ್ತಲು ಯಾವ ಗೇರ್ ಬೇಕಾಗಿತ್ತೋ ಇಳಿಯಲೂ ಅದನ್ನೇ ಹಾಕಿ, ಎಂಜಿನ್ನೇ ಕಾರನ್ನು ತಡೆಯುತ್ತದೆ. ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ಇಳಿದ ಮೇಲೆ ಪೂರ್ತಿ ಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಅನೇಕ ತಯಾರಕರು ಹೇಳುವುದು ಇದಕ್ಕೇ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಟೈರ್ ಗಾಳಿಯನ್ನು ಮಾಮೂಲಿ ಅಂಕಿಗೆ ತನ್ನಿ. ಅಡಿಯ ಕೆಸರು ತೊಳೆಸಿ, ರೇಡಿಯೇಟರ್ ಮುಂದಿನ ಜಾಲರಿಗೆ ಮೆತ್ತಿಕೊಂಡ ಹುಳುಗಳನ್ನು ಮೆಲ್ಲಗೆ ನೀರು ಬಿಟ್ಟು ತೆಗೆಯಿರಿ. ದಾರಿಯಲ್ಲಿ ಕೇಳಿಸಿದ ಶಬ್ದ ಯಾವ ವೇಗದಲ್ಲಿ, ಯಾವ ಕಡೆಯಿಂದ, ಬ್ರೇಕ್ ಒತ್ತಿದಾಗಲೋ ತಿರುಗಿಸಿದಾಗಲೋ, ಎಲ್ಲವನ್ನೂ ನೆನಪಿರುವಾಗಲೇ ಪುಸ್ತಕದಲ್ಲಿ ಬರೆದಿಡಿ. ಮೆಕ್ಯಾನಿಕ್ ಮೊದಲು ಕೇಳುವುದೇ ಅದನ್ನು.