ಕಾಫಿ ಬೀಜದ ಒಳಗುಣ ಅಳೆಯುವುದು ಹೇಗೆ?

ಕೊಯ್ಲು ಮುಗಿದು ಬೀಜ ಮೂಟೆ ಸೇರಿದ ಮೇಲೆ ವ್ಯಾಪಾರಿ ಒಂದು ಹಿಡಿ ಎತ್ತಿ ನೋಡಿ ದರ ಹೇಳುತ್ತಾರೆ. ಗಾತ್ರ, ಬಣ್ಣ, ಹುಳುಕು ಕಣ್ಣಿಗೆ ಕಾಣುತ್ತವೆ. ರುಚಿಗೆ ಕಾರಣವಾದ ರಾಸಾಯನಿಕಗಳು ಕಾಣುವುದಿಲ್ಲ. ಅವನ್ನು ಪ್ರಯೋಗಾಲಯದಲ್ಲೇ ಅಳೆಯಬೇಕು. ಆದರೆ ಅರ್ಧ ಕೆಲಸ ನಮ್ಮ ತೀರ್ಥಹಳ್ಳಿ, ಕೊಪ್ಪದ ಕಣಗಳಲ್ಲೇ ಆಗಬೇಕು.

ಮೊದಲು ಸ್ಯಾಂಪಲ್. ಕೆಫೀನ್ ಅಳೆಯಲು ಪ್ರಯೋಗಾಲಯದವರು ತೂಗಿಕೊಳ್ಳುವುದು ಒಂದೇ ಗ್ರಾಂ ಪುಡಿ. ಆ ಒಂದು ಗ್ರಾಂ ನಿಮ್ಮ ಅಷ್ಟೂ ಮೂಟೆಗಳ ಪರವಾಗಿ ಮಾತಾಡಬೇಕು. ಮೊದಲ ಸಲ ನಾನು ಬಾಗಿಲ ಬಳಿಯ ಮೂಟೆಯಿಂದ ಸುಮ್ನೆ ಎರಡು ಹಿಡಿ ತೆಗೆದು ಕಳಿಸಿದ್ದೆ. ಆಮೇಲೆ ಒಳಗಿನ ಮೂಟೆಯದು ಕಳಿಸಿದರೆ ಅಂಕಿಯೇ ಬೇರೆ ಬಂತು. ಹಾಗಾಗಿ ಪ್ರತಿ ಮೂಟೆಯ ಮೇಲಿನಿಂದ, ನಡುವಿನಿಂದ, ತಳದಿಂದ ಬೀಜ ತೆಗೆಯಿರಿ. ಟಾರ್ಪಾಲಿನ ಮೇಲೆ ಕಲಸಿ ದುಂಡಗೆ ಹರಡಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದೆರಡು ಬಿಡಿ. ಮತ್ತೆ ಕಲಸಿ, ಮತ್ತೆ ನಾಲ್ಕು ಭಾಗ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ಕಪ್ಪು ಬೀಜ, ಒಡಕು ಬೀಜ ಆರಿಸಿ ಎಸೆಯಬೇಡಿ. ಮಾರುವ ಮಾಲಿನಲ್ಲಿ ಅವೂ ಇರುತ್ತವೆ ಅಲ್ವಾ? ಅರೇಬಿಕಾ, ರೊಬಸ್ಟಾ ಎಂಬ ಎರಡು ಕಾಫಿ ಜಾತಿಗಳನ್ನು ಬೇರೆ ಬೇರೆ ಕಟ್ಟಿ. ಪಲ್ಪ್ ಮಾಡಿದ್ದೋ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ್ದೋ), ಹಣ್ಣಿನಲ್ಲೇ ಒಣಗಿಸಿದ್ದೋ ಎಂದು ಚೀಟಿಯಲ್ಲಿ ಬರೆಯಿರಿ.

ಪ್ರಯೋಗಾಲಯದಲ್ಲಿ ಮೊದಲು ನೋಡುವುದು ತೇವಾಂಶ. ತೂಗಿದ ಬೀಜವನ್ನು 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 16 ಗಂಟೆ ಇಟ್ಟು ಮತ್ತೆ ತೂಗುತ್ತಾರೆ. ಇಳಿದ ತೂಕವೇ ನೀರು. ಶೇ 12.5 ದಾಟಿದರೆ ಬೂಷ್ಟು ಹಿಡಿಯುವ ಭಯ.

ಆಮೇಲೆ ಕೆಫೀನ್. 1 ಗ್ರಾಂ ನುಣ್ಣನೆ ಪುಡಿಗೆ ಸುಮಾರು 5 ಗ್ರಾಂ ಮೆಗ್ನೀಷಿಯಂ ಆಕ್ಸೈಡ್, 200 ಮಿ.ಲೀ. ನೀರು ಹಾಕಿ 90 ಡಿಗ್ರಿಯಲ್ಲಿ 20 ನಿಮಿಷ ಕಾಯಿಸುತ್ತಾರೆ. ಆರಿದ ಮೇಲೆ 250 ಮಿ.ಲೀ.ಗೆ ಸರಿಮಾಡಿ ಸೋಸುತ್ತಾರೆ. ಸೋಸಿದ ನೀರಿನ ಒಂದು ಹನಿಗೂ ಕಡಿಮೆ ಪಾಲು, ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದ ಕೊಳವೆಗೆ ಹೋಗುತ್ತದೆ. ಅಲ್ಲಿಂದ ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಹೊರಬರುತ್ತದೆ. ಅದು ಅತಿನೇರಳೆ ಬೆಳಕನ್ನು ಎಷ್ಟು ಹೀರಿತು ಎಂಬುದರಿಂದ ಪ್ರಮಾಣ ತಿಳಿಯುತ್ತದೆ. ಬೀಜದಲ್ಲಿರುವ ಇನ್ನೆರಡು ರಾಸಾಯನಿಕಗಳಾದ ಕ್ಲೋರೊಜೆನಿಕ್ ಆಮ್ಲ, ಟ್ರಿಗೊನೆಲಿನ್‌ಗೂ ಇದೇ ಯಂತ್ರ ಸಾಕು, ಪುಡಿಯಿಂದ ಇಳಿಸುವ ರೀತಿ ಮಾತ್ರ ಬೇರೆ.

ಲೆಕ್ಕ ಕಷ್ಟವಲ್ಲ. ಲೀಟರಿಗೆ 48 ಮಿಲಿಗ್ರಾಂ ಕೆಫೀನ್ ಬಂತು ಎನ್ನಿ. 250 ಮಿ.ಲೀ.ನಲ್ಲಿ 12 ಮಿಲಿಗ್ರಾಂ. ಅದು 1 ಗ್ರಾಂ, ಅಂದರೆ 1000 ಮಿಲಿಗ್ರಾಂ ಪುಡಿಯಿಂದ ಬಂದದ್ದು, ಹಾಗಾಗಿ ಶೇ 1.2. ಬೀಜದಲ್ಲಿ ಶೇ 11 ನೀರಿದ್ದರೆ ಒಣ ಪಾಲು ಶೇ 89, ಹಾಗಾಗಿ 1.2 ಅನ್ನು 0.89ರಿಂದ ಭಾಗಿಸಿ. ಒಣ ತೂಕದ ಮೇಲೆ ಶೇ 1.35 ಆಗುತ್ತದೆ. ವರದಿಯಲ್ಲಿ ಯಾವ ಲೆಕ್ಕ ಕೊಟ್ಟಿದ್ದಾರೆ ಎಂದು ಕೇಳಿಯೇ ಬನ್ನಿ. ಇಲ್ಲದಿದ್ದರೆ ಎರಡು ವರದಿಗಳನ್ನು ಹೋಲಿಸುವುದೇ ತಪ್ಪಾಗುತ್ತದೆ.

ಅರೇಬಿಕಾದಲ್ಲಿ ಕೆಫೀನ್ ಸಾಮಾನ್ಯವಾಗಿ ಶೇ 1.2ರ ಆಸುಪಾಸು, ರೊಬಸ್ಟಾದಲ್ಲಿ ಶೇ 2ಕ್ಕೂ ಜಾಸ್ತಿ. ಬರೀ ಅರೇಬಿಕಾ ಎಂದು ಕೊಟ್ಟ ಮಾಲಿನಲ್ಲಿ ಶೇ 1.8 ಬಂದರೆ ರೊಬಸ್ಟಾ ಬೆರೆತಿದೆಯೇ ಎಂದು ಅನುಮಾನಿಸಬೇಕು. ಕ್ಲೋರೊಜೆನಿಕ್ ಆಮ್ಲವೂ ರೊಬಸ್ಟಾದಲ್ಲೇ ಹೆಚ್ಚು. ಹುರಿದಾಗ ಅದು ಒಡೆದು ಕಹಿ ಕೊಡುತ್ತದೆ. ಸಕ್ಕರೆ ಅಂಶ ಮತ್ತು ಟ್ರಿಗೊನೆಲಿನ್ ಅರೇಬಿಕಾದಲ್ಲಿ ಹೆಚ್ಚು, ಘಮ ಹುಟ್ಟುವುದರಲ್ಲಿ ಎರಡರ ಪಾಲೂ ಇದೆ. ಕಾಯಿ ಕೊಯ್ದರೆ ಸಕ್ಕರೆ ಕೂಡುವುದಕ್ಕೆ ಮೊದಲೇ ಕಿತ್ತ ಹಾಗೆ. ಅದಕ್ಕೇ ನಾನು ಹಣ್ಣು ಮಾತ್ರ ಕೊಯ್ಯಿರಿ ಎಂದು ಪದೇ ಪದೇ ಹೇಳುವುದು.

ಮಳೆಗೆ ಸಿಕ್ಕಿ ನಿಧಾನಕ್ಕೆ ಒಣಗಿದ ಬೀಜದ ಮುಗ್ಗಲು ವಾಸನೆ ಮಾತ್ರ ಈ ಯಾವ ಅಂಕಿಯಲ್ಲೂ ಸಿಗುವುದಿಲ್ಲ. ಅದೇ ಅರ್ಧ ಕಿಲೋದಲ್ಲಿ ನೂರು ಗ್ರಾಂ ಎತ್ತಿಟ್ಟು, ಹದವಾಗಿ ಹುರಿದು, ಚಿಕೋರಿ, ಹಾಲು, ಸಕ್ಕರೆ ಇಲ್ಲದೆ ಕುಡಿದು ನೋಡಿ.