ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿಯೋ, ಹಾರ್ಡ್ ಡಿಸ್ಕೋ?

ಆನ್ ಮಾಡಿ, ಡಿಕಾಕ್ಷನ್ ಇಳಿದು ಕಾಫಿ ಬೆರೆಸಿಕೊಂಡು ಬಂದರೂ ಲ್ಯಾಪ್‌ಟಾಪ್ ಇನ್ನೂ ಸುತ್ತುತ್ತಲೇ ಇದೆಯೆ? ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸಿಪಿಯು ಶೇಕಡಾ 10ರಲ್ಲಿದ್ದು ಡಿಸ್ಕ್ ಮಾತ್ರ ಶೇಕಡಾ 100ರಲ್ಲಿ ನಿಂತಿದ್ದರೆ ತಡೆಯಾಗಿರುವುದು ಹಾರ್ಡ್ ಡಿಸ್ಕೇ. ಮೆಮೊರಿಯೂ 90 ದಾಟಿದ್ದರೆ ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ಮಾಡಿಕೊಂಡಿದೆ ಎಂದರ್ಥ. ಆಗ 4 ಜಿಬಿಯನ್ನು 8ಕ್ಕೆ ಏರಿಸುವ ಲೆಕ್ಕವನ್ನೂ ಜೊತೆಗೇ ಹಾಕಿ.

ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಬೇಕಾದ ಜಾಗ, ತಟ್ಟೆಯನ್ನು ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.6 ಮಿಲಿಸೆಕೆಂಡ್ ಬೇಕು. ಹೆಡ್ ಅತ್ತಿತ್ತ ಸರಿಯಲು ಇನ್ನೊಂದು 12. ಹೀಗಾಗಿ ಚದುರಿದ ಚಿಕ್ಕ ಫೈಲುಗಳಾದರೆ ಸೆಕೆಂಡಿಗೆ ಅರವತ್ತು ಸಲ ಓದುವುದೇ ಹೆಚ್ಚು. ವಿಂಡೋಸ್ ಏಳುವಾಗ ಓದುವುದು ಸಾವಿರಗಟ್ಟಲೆ ಅಂಥವನ್ನೇ. ಎಸ್‌ಎಸ್‌ಡಿ ಎಂದರೆ ಚಿಪ್ಪುಗಳಲ್ಲಿ ಡೇಟಾ ಇಡುವ ಡ್ರೈವ್. ಅದರಲ್ಲಿ ತಿರುಗುವುದೇ ಇಲ್ಲ, ಒಂದು ಸಲ ಓದಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು ಸಾಕು. ಅದಕ್ಕೇ ಡಿಸ್ಕ್ ಜೋಡಿಸುವ ಪೋರ್ಟು ಹಳೇ ಸಾಟಾ-2 ಆಗಿರುವ 2010ರ ಸುಮಾರಿನ ಲ್ಯಾಪ್‌ಟಾಪಿಗೂ ಅದು ಹೊಸ ಜೀವ ಕೊಡುತ್ತದೆ. ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ಎಂದು ಬರೆದಿದ್ದರೂ ಆ ಹಳೇ ಪೋರ್ಟಿನಲ್ಲಿ 270ರ ಆಸುಪಾಸಿಗೇ ನಿಲ್ಲುತ್ತದೆ. ನಿಲ್ಲಲಿ ಬಿಡಿ, ನಿಮಗೆ ತಿಳಿಯುವ ವ್ಯತ್ಯಾಸ ಅದರಿಂದ ಬರುವುದಲ್ಲ. ವೇಗದ ಅಂಕಿಗಾಗಿ ಹೆಚ್ಚು ದುಡ್ಡು ಕೊಡಬೇಡಿ.

ವಿಂಡೋಸ್ ಇರುವ ಡ್ರೈವ್ ಎಸ್‌ಎಸ್‌ಡಿಯೇ ಆಗಬೇಕು, ಇದರಲ್ಲಿ ಎರಡು ಮಾತಿಲ್ಲ. ಬ್ರೌಸರು, ಟೈಪಿಂಗು, ಪಹಣಿ ಪ್ರಿಂಟ್ ಇಷ್ಟೇ ಕೆಲಸವಾದರೆ 256 ಜಿಬಿ ಸಾಕು. ಮಂಡ್ಯದ ಫೋಟೊ ಸ್ಟುಡಿಯೊದಂತೆ ವರ್ಷಗಟ್ಟಲೆ ಮದುವೆ ಫೋಟೊ ಕೂಡಿಡುವವರಿಗೆ ಮಾತ್ರ ಹಾರ್ಡ್ ಡಿಸ್ಕ್ ಈಗಲೂ ಲಾಭ. ಒಂದು ಜಿಬಿಗೆ ಬೀಳುವ ಬೆಲೆ ಕಡಿಮೆ, ಬೀರುವಿನಲ್ಲಿ ಬಹುಕಾಲ ಕರೆಂಟಿಲ್ಲದೆ ಇಡುವುದಕ್ಕೂ ಅದೇ ವಾಸಿ. ಎಸ್‌ಎಸ್‌ಡಿಯಲ್ಲಿ ಡೇಟಾ ಹಿಡಿದಿಡುವ ವಿದ್ಯುತ್ ಚಾರ್ಜ್ ನಿಧಾನವಾಗಿ ಸೋರುತ್ತದೆ. ಆದರೆ ಹಾರ್ಡ್ ಡಿಸ್ಕನ್ನು ಆನ್ ಇಟ್ಟುಕೊಂಡು ಮೈಸೂರಿನ ಬಸ್ಸಿನಲ್ಲಿ ತೊಡೆ ಮೇಲೆ ಕೆಲಸ ಮಾಡಬೇಡಿ. ಹಂಪ್ ಜೋರಾಗಿ ಎಗರಿಸಿದರೆ ಹೆಡ್ ತಟ್ಟೆಗೆ ತಾಗೀತು.

ಕೊಳ್ಳುವ ಮೊದಲು ಹಳೇ ಡಿಸ್ಕ್ ಬಿಚ್ಚಿ ಅಳೆಯಿರಿ. 2.5 ಇಂಚಿನ ಎಸ್‌ಎಸ್‌ಡಿ ಸಾಮಾನ್ಯವಾಗಿ 7 ಮಿಮೀ ದಪ್ಪ. 9.5ರ ಜಾಗದಲ್ಲಿ ಅಲುಗಾಡಿದರೆ ಪ್ಲಾಸ್ಟಿಕ್ ಸ್ಪೇಸರ್ ಅಂಟಿಸಿ. ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಹಿಗ್ಗಬೇಡಿ, ಕೆಲವು ಸ್ಲಾಟುಗಳಿಗೆ ಸಾಟಾ ಮಾತ್ರ ಆಗುತ್ತದೆ, ಇನ್ನೊಂದು ಬಗೆಯಾದ ಎನ್‌ವಿಎಂಇ ಹಾಕಿದರೆ ಕಾಣುವುದೇ ಇಲ್ಲ. ಮಾಡೆಲ್ ನಂಬರಿನ ಸರ್ವಿಸ್ ಮ್ಯಾನುಯಲ್ ನೋಡಿಯೇ ತೀರ್ಮಾನಿಸಿ. ಡಿವಿಡಿ ಡ್ರೈವ್ ತೆಗೆದು, ಆ ಜಾಗಕ್ಕೆ ಹೊಂದುವ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಾರ್ಡ್ ಡಿಸ್ಕ್ ಕೂರಿಸುವುದಾದರೆ ಕ್ಯಾಡಿಯಲ್ಲೂ 9.5, 12.7 ಮಿಮೀ ಎಂದು ಎರಡಳತೆ. ಎಸ್‌ಎಸ್‌ಡಿ ಮೂಲ ಜಾಗದಲ್ಲೇ ಇರಲಿ. ಹೆಸರೇ ಕೇಳದ ಕಂಪನಿಯ ‘2 ಟಿಬಿ’ ತೀರಾ ಅಗ್ಗಕ್ಕೆ ಸಿಕ್ಕರೆ ಒಳಗೆ ಅಷ್ಟು ಜಾಗ ಇರುವುದಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಬದಲಿಸುವ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ಹಳೇ ಡಿಸ್ಕಿನ 05 (ಕೆಟ್ಟು ಬದಲಿಸಿದ ಜಾಗಗಳು) ಮತ್ತು ಸಿ5 (ಓದಲು ತೊಡಕಾಗಿರುವ ಜಾಗಗಳು) ಸಾಲು ನೋಡಿ. ಅಲ್ಲಿನ ‘ರಾ ವ್ಯಾಲ್ಯೂ’ ಅಂಕಿ ಸೊನ್ನೆಯಾಗಿದ್ದರೆ ಯುಎಸ್‌ಬಿ-ಸಾಟಾ ಕೇಬಲ್ಲಿಗೆ ಎಸ್‌ಎಸ್‌ಡಿ ಸಿಕ್ಕಿಸಿ ಕ್ಲೋನ್ (ವಿಂಡೋಸ್ ಸಮೇತ ಇಡೀ ಡಿಸ್ಕಿನ ನಕಲು) ಮಾಡಬಹುದು. ಸಿ5 ಏರುತ್ತಿದ್ದರೆ ಕ್ಲೋನ್ ಅರ್ಧಕ್ಕೇ ನಿಂತೀತು. ಮೊದಲು ಫೈಲುಗಳನ್ನು ನಕಲು ಮಾಡಿಕೊಂಡು, ವಿಂಡೋಸ್ ಹೊಸದಾಗಿಯೇ ಹಾಕಿ. ಬಿಟ್‌ಲಾಕರ್ (ಡ್ರೈವಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಮುಂಚೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದರೆ ಈ ಕೆಲಸ ಯುಪಿಎಸ್ ಮೇಲೆಯೇ ಆಗಲಿ. ಪಾಂಡವಪುರ, ಮದ್ದೂರು ಕಡೆಯ ಹಳ್ಳಿಯಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ.

ಬಿಚ್ಚುವಾಗ ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಪವರ್ ಬಟನ್ 10 ಸೆಕೆಂಡ್ ಒತ್ತಿಹಿಡಿಯಿರಿ. ಸ್ಕ್ರೂಗಳು ಉದ್ದ, ಗಿಡ್ಡ ಬೆರೆತಿರುತ್ತವೆ. ಹಾಳೆಯ ಮೇಲೆ ತಳದ ಚಿತ್ರ ಗೀಚಿ, ಬಿಚ್ಚಿದ ಸ್ಕ್ರೂವನ್ನು ಅದರದೇ ಜಾಗದಲ್ಲಿ ಚುಚ್ಚಿಡಿ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಮೇಲೆ ಅಂಗೈ ಊರುವ ಪಾಮ್‌ರೆಸ್ಟಿನಲ್ಲಿ ಉಬ್ಬು ಏಳುತ್ತದೆ. ಎಸ್‌ಎಸ್‌ಡಿಯನ್ನು ಕನೆಕ್ಟರಿಗೆ ನೇರವಾಗಿ ಜಾರಿಸಿ, ಓರೆಯಾಗಿ ಒತ್ತಬೇಡಿ.

ಮೊದಲ ಸಲ ಹಳೇ ಡಿಸ್ಕ್ ಜೋಡಿಸದೆಯೇ ಆನ್ ಮಾಡಿ. ಎರಡೂ ಇದ್ದರೆ ಹಳೆಯದರಿಂದಲೇ ಬೂಟ್ ಆಗಿ, ‘ಏನೂ ಬದಲಾಗಲಿಲ್ಲ’ ಅನಿಸಬಹುದು. ‘ಇನಾಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದರೆ ಬಯಾಸಿನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಸಾಟಾ ಮೋಡ್ ಬದಲಾಗಿದೆಯೇ ನೋಡಿ. ಕ್ಲೋನ್ ಮಾಡುವಾಗ ಯಾವುದಿತ್ತೋ ಅದೇ ಇರಲಿ. ಹೊಸದಾಗಿ ವಿಂಡೋಸ್ ಹಾಕುವವರು ಮೊದಲೇ ಆ ಮೋಡ್‌ಗಳಲ್ಲಿ ಎಎಚ್‌ಸಿಐ ಎಂಬುದನ್ನು ಆರಿಸಿಕೊಳ್ಳಿ.

ಹಳೇ ಡಿಸ್ಕನ್ನು ಒಂದು ತಿಂಗಳು ಮುಟ್ಟಬೇಡಿ, ಮರೆತ ಫೈಲು ನೆನಪಾಗುವುದು ಆಮೇಲೆಯೇ. ಬೇರೆಯವರಿಗೆ ಕೊಡುವುದಾದರೆ ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. 500 ಜಿಬಿಗೆ ಎರಡು ಗಂಟೆಯಾದರೂ ಹಿಡಿಯುತ್ತದೆ, ರಾತ್ರಿ ಊಟಕ್ಕೆ ಏಳುವಾಗ ಹಾಕಿಬಿಡಿ.